ಜೇನು ಸಾಕಿದವನೂ ನೆರಳಿಲ್ಲದ ಸೇನಾಪತಿಯೂ

ಅಮ್ಮನ ಕೋಣೆ, ಕಿಟಕಿಯ ಪಕ್ಕ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಎಂಜಿನ್ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡೇ ಕೆಲಸ ಮಾಡುತ್ತಿದ್ದೀಯ ತಾನೆ? ಮೊಣಕೈ ಸುಟ್ಟುಕೊಂಡಿದ್ದೆಯಲ್ಲ, ಮಾಯಿತೇ? ಊಟದ ವಿಷಯ ಕೇಳುವುದಿಲ್ಲ. ಹಡಗಿನ ಅಡುಗೆಯವನನ್ನು ನೀನು ಬೈಯುವ ಉತ್ಸಾಹ ನೋಡಿದರೆ ಹೊಟ್ಟೆ ತುಂಬಿಯೇ ಇದೆ ಅನ್ನಿಸುತ್ತದೆ. ಇನ್ನೊಂದು ವಿಚಾರ ಕೇಳುವುದಿದೆ, ಅದನ್ನು ಕೊನೆಗೆ ಕೇಳುತ್ತೇನೆ. ಈಗಲೇ ಕೇಳಿದರೆ ನೀನು ಉಳಿದದ್ದನ್ನು ಓದುವುದಿಲ್ಲ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಡುಸಮುದ್ರದಲ್ಲಿ ನಿನ್ನ ಫೋನು ಮಾತಿಗೊಮ್ಮೆ ಕಡಿದುಹೋಗುತ್ತದೆ. ಇದು ಅರ್ಧಂಬರ್ಧ ಕೇಳಿಸಿಕೊಳ್ಳುವ ಸುದ್ದಿಯಲ್ಲ. ಮುಂದಿನ ಬಂದರಿನ ಕಚೇರಿಗೆ ಈ ಪತ್ರ ನಿನಗಿಂತ ಮೊದಲು ಹೋಗಿ ಕೂತಿರಲಿ ಎಂದು ಇಂದೇ ಬರೆಯುತ್ತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ನಿಜವಾಗಿಯೂ ಚೆನ್ನಾಗಿದ್ದಾಳೆ. ನಾನೇ ನಿನ್ನೆ ಸಂಜೆಯಿಂದ, ಯಾರೋ ತಲೆಯ ಮೇಲೆ ಕೊಡ ನೀರು ಸುರಿದು ಹೇಳದೆ ಕೇಳದೆ ಹೋದ ಹಾಗೆ ಕೂತಿದ್ದೇನೆ.

ಅಮ್ಮನ ಕಣ್ಣಿನ ವಿಷಯ ಹಿಂದಿನ ಪತ್ರದಲ್ಲಿ ಬರೆದಿದ್ದೆ. ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ನರವನ್ನು ತಿನ್ನುವ ಕಾಯಿಲೆ. ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಕಣ್ಣಿನ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, ಹೋದ ದೃಷ್ಟಿ ಮರಳುವುದಿಲ್ಲ, ಉಳಿದ ಚೂರನ್ನು ಹನಿ ಹಾಕಿ ಕಾಪಾಡಿಕೊಳ್ಳಬಹುದು ಅಷ್ಟೆ ಎಂದಿದ್ದರು. ನಾನು ಒಳಗೆ ಹೋಗಿ ಅಮ್ಮನಿಗೆ, ನಿಧಾನಕ್ಕೆ ಸರಿಹೋಗುತ್ತಂತೆ ಎಂದೆ. ಬಾಗಿಲು ದಾಟುವಷ್ಟರಲ್ಲಿ ಆ ಸುಳ್ಳನ್ನು ಎಲ್ಲಿಂದ ತಂದೆನೋ ನನಗೇ ಗೊತ್ತಿಲ್ಲ. ಇಡೀ ಜೀವನ ಮಕ್ಕಳಿಗೆ ಉಕ್ತಲೇಖನ ಬರೆಸಿದ ಟೀಚರು, ಕೈಯಲ್ಲಿ ಪುಸ್ತಕವಿಲ್ಲದಿದ್ದರೆ ಏನೋ ಕಳೆದುಕೊಂಡವಳ ಹಾಗೆ ಮನೆಯೆಲ್ಲ ತಿರುಗುವವಳು; ಇನ್ನು ನೀನು ಓದಲಾರೆ ಎಂದು ಅವಳ ಮುಖ ನೋಡಿ ಹೇಗೆ ಹೇಳಲಿ? ಹೇಳಬೇಡ ಅಕ್ಕ ಎಂದು ನೀನೂ ಬರೆದೆ. ಇಬ್ಬರೂ ಸೇರಿ ಅವಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇವೆ ಅಂದುಕೊಂಡೆವು.

ಆ ಸುಳ್ಳನ್ನು ಸರಿದೂಗಿಸುವವಳ ಹಾಗೆ ದಿನಾ ಸಂಜೆ ಕಚೇರಿಯಿಂದ ಬಂದು ಅವಳಿಗೆ ಓದತೊಡಗಿದೆ. ನನ್ನ ಕನ್ನಡ ಓದು ಹೇಗೆಂದು ನಿನಗೆ ಗೊತ್ತೇ ಇದೆ. ಇಂಗ್ಲಿಷ್ ಮೀಡಿಯಮ್ಮಿನ ಪುಣ್ಯ. ಒತ್ತಕ್ಷರ ಬಂದಲ್ಲೆಲ್ಲ ಸೈಕಲ್ ಕಲಿಯುವವರಂತೆ ಕಾಲು ಊರುತ್ತೇನೆ. ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಹಾಗಾಗುತ್ತದೆ ಎಂದು ಅಮ್ಮ ಗೊಣಗುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ಪುಸ್ತಕ ಆರಿಸುವ ಕೆಲಸವೂ ನನ್ನದೇ. ಕಚೇರಿಯ ಹಿಂದಿನ ಬೀದಿಯ ಲೈಬ್ರರಿಯಲ್ಲಿ ಕಪಾಟುಗಳ ನಡುವೆ ನಿಂತು, ಅಮ್ಮನಿಗೆ ಯಾವುದು ಹಿತವಾದೀತು ಎಂದು ಬೆನ್ನು ನೋಯುವವರೆಗೆ ಹುಡುಕುತ್ತಿದ್ದೆ. ಲೈಬ್ರರಿ ನೋಡಿಕೊಳ್ಳುವಾಕೆ ಮೊದಲ ದಿನವೇ ಎಚ್ಚರಿಸಿದ್ದಳು, ಒಂದೇ ಥರದ್ದು ಒಯ್ಯಬೇಡಿ ಮೇಡಂ, ಬಾಯಿ ಕೆಟ್ಟುಹೋಗುತ್ತೆ, ಬದಲಾಯಿಸ್ತಾ ಇರಿ ಎಂದು. ನಾನು ಕೇಳಲಿಲ್ಲ. ಆತ್ಮಕಥೆಗಳನ್ನೇ ಹೊತ್ತು ತಂದೆ. ಮನೆ ಸುಟ್ಟುಹೋಗಿ ಮತ್ತೆ ಕಟ್ಟಿದವಳೊಬ್ಬಳು, ಹಿಮಪರ್ವತ ಹತ್ತಿ ಕಾಲ್ಬೆರಳು ಕಳೆದುಕೊಂಡವನೊಬ್ಬ, ದನಿ ಹೋದ ಗಾಯಕಿಯೊಬ್ಬಳು. ಇವನ್ನೆಲ್ಲ ಬೇಕೆಂದೇ ಆರಿಸಿದೆನೇ? ಕೈ ತಾನಾಗಿ ಅತ್ತ ಹೋಗುತ್ತಿತ್ತು.

ಗಾಯಕಿಯ ಎರಡನೆಯ ಅಧ್ಯಾಯದಲ್ಲಿ ಅಮ್ಮ ಪುಸ್ತಕ ಮುಚ್ಚು ಅಂದಳು. ಆಮೇಲೆ ತೀರ ಸಾಧಾರಣ ದನಿಯಲ್ಲಿ, ತರಕಾರಿ ಲೆಕ್ಕ ಕೇಳುವ ಹಾಗೆ ಅಂದಳು: "ಈ ವಾರ ದನಿ ಹೋಯ್ತು. ಹೋದ ವಾರ ಕಾಲ್ಬೆರಳು. ಅದಕ್ಕೂ ಮುಂಚೆ ಮನೆ ಸುಟ್ಟೋಯ್ತು. ಕಳ್ಕೊಂಡೋರೆಲ್ಲ ಕೊನೇ ಪುಟದಲ್ಲಿ ನಗ್ತಾ ನಿಂತಿರ್ತಾರೆ. ನನ್ನ ಕಣ್ಣು ವಾಪಸ್ ಬರಲ್ಲ, ಅಲ್ವೇನೇ?"

ಗುಬ್ಬಿ, ಡಾಕ್ಟರ ಮುಖದಿಂದಲೋ ನನ್ನ ಮುಖದಿಂದಲೋ ತಿಳಿದುಕೊಳ್ಳಲು ಅವಳಿಗೆ ಕಾಣಿಸುವುದೇ ಇಲ್ಲ. ನಾನು ಆರಿಸಿ ತಂದ ಪುಸ್ತಕಗಳಿಂದಲೇ ನನ್ನ ಹೊಟ್ಟೆಯೊಳಗಿದ್ದದ್ದನ್ನೆಲ್ಲ ಓದಿಬಿಟ್ಟಿದ್ದಳು. ಹೌದು ಎಂದೆ. ಬಹಳ ಹೊತ್ತು ಗೋಡೆಯ ಕಡೆ ತಿರುಗಿ ಮಲಗಿದಳು. ಅಳುತ್ತಿದ್ದಳೋ ಏನೋ, ನಾನು ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ. ಎದ್ದಮೇಲೆ ಎರಡು ಅಪ್ಪಣೆ ಕೊಟ್ಟಳು. ಸುಳ್ಳು ಹೇಳಿದವಳು ಹೋಗಿ ಟೀ ಮಾಡಬೇಕು. ನಾಳೆ ಬರುವಾಗ ಯಾರಿಗೂ ಏನೂ ಹೋಗದ ಪುಸ್ತಕ ತರಬೇಕು.

ಅಂಥ ಪುಸ್ತಕ ಯಾವುದಿದೆ? ಲೈಬ್ರರಿಯಾಕೆ ನನ್ನ ಕೋರಿಕೆ ಕೇಳಿ ನಕ್ಕು, ಕೊನೆಗೆ ನನ್ನ ಒಂದು ಕೈಗೆ ಜೇನು ಸಾಕಿದವನೊಬ್ಬನ ನೆನಪುಗಳನ್ನೂ ಇನ್ನೊಂದು ಕೈಗೆ ಇಟ್ಟಿಗೆಯಷ್ಟು ದಪ್ಪದ ಮಾಯಾಲೋಕದ ಪ್ರೇಮಕಥೆಯನ್ನೂ ಇಟ್ಟಳು. ಜೇನಿನವನ ಪುಸ್ತಕದಲ್ಲಿ ಏನೂ ನಡೆಯುವುದಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಾನೆ, ಹೊಗೆ ಹಾಕುತ್ತಾನೆ, ಹುಳುಗಳ ಜೊತೆ ಮಾತಾಡುತ್ತಾನೆ. ಇನ್ನೊಂದರಲ್ಲಿ ನೆರಳನ್ನು ಯಾರೋ ಕದ್ದೊಯ್ದ ಒಬ್ಬ ಸೇನಾಪತಿ, ಅವನ ನೆರಳನ್ನು ಕೂಡಿಹಾಕಿದ ಪೆಟ್ಟಿಗೆಯ ಬೀಗ ತೆಗೆಯಲು ಹೊರಟ ಒಬ್ಬ ಹುಡುಗಿ, ಯಾವಾಗಲೂ ಹಸಿವು ಎನ್ನುವ ಒಂದು ಮಾತಾಡುವ ಕುದುರೆ. ಅಮ್ಮ ಇದನ್ನು ಕಿಟಕಿಯಾಚೆ ಎಸೆಯುತ್ತಾಳೆ ಅಂದುಕೊಂಡಿದ್ದೆ. ನಾವು ಚಿಕ್ಕವರಿದ್ದಾಗ ವಾರಪತ್ರಿಕೆಯ ಧಾರಾವಾಹಿ ಓದಿದ್ದಕ್ಕೆ ಊಟ ಹಾಕುವುದಿಲ್ಲ ಎಂದಿದ್ದವಳು! ನೆರಳಿಲ್ಲದ ಸೇನಾಪತಿ ಕುದುರೆಯಿಂದ ಇಳಿಯುತ್ತಲೇ ದಿಂಬಿಗೆ ಒರಗಿದ್ದ ಅಮ್ಮ ನೆಟ್ಟಗೆ ಕೂತಳು. ಈ ಹುಡುಗಿಗೆ ಬುದ್ಧಿ ಇಲ್ಲ, ಮೊದಲು ಬೀಗ ತೆಗೆದು ಆಮೇಲೆ ಅವನ ಮುಖ ನೋಡಬೇಕಿತ್ತು ಎಂದು ಬೈದಳು. ಅಂದಿನಿಂದ ನಮ್ಮ ಮನೆಯ ಪದ್ಧತಿ ಇಷ್ಟು: ಮೊದಲು ತಲೆ ತಂಪಾಗಲು ಸ್ವಲ್ಪ ಜೇನು, ಆಮೇಲೆ ಸೇನಾಪತಿ.

ನನ್ನ ಪಾಡು ಯೋಚಿಸು. ನಲವತ್ತು ದಾಟಿದ ಮಗಳು ಎಪ್ಪತ್ತು ದಾಟಿದ ತಾಯಿಗೆ ಗಟ್ಟಿಯಾಗಿ ಮುತ್ತಿನ ವರ್ಣನೆ ಓದುವುದು. ಕಿವಿ ಬಿಸಿಯಾಗುತ್ತಿತ್ತು. ಅವರಿಬ್ಬರೂ ಹತ್ತಿರ ಬಂದರೆ ಸಾಕು, ನಾನು ಪುಟ ತಿರುವಿ ಬೆಳಗು ಮಾಡಿಬಿಡುತ್ತಿದ್ದೆ. ಅಮ್ಮನಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ನನ್ನ ಪುಸ್ತಕದ ಆಯ್ಕೆಯನ್ನೇ ಹಿಡಿದುಹಾಕಿದವಳಿಗೆ ಇದು ಗೊತ್ತಾಗುವುದಿಲ್ಲ ಎಂದು ನಾನು ನಂಬಿದ್ದು ಹೇಗೆ?

ನಿನ್ನೆ ಕಚೇರಿಯಿಂದ ಬೇಗ ಬಂದೆ. ಮೆಟ್ಟಿಲ ಮೇಲಿರುವಾಗಲೇ ಅಮ್ಮನ ಕೋಣೆಯಿಂದ ದೊಡ್ಡ ದನಿ ಕೇಳಿಸಿತು. ಕೆಳಗಿನ ಮನೆಯ ದರ್ಜಿಯಮ್ಮ, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು, ರೈಲು ಬರುವುದನ್ನು ಘೋಷಿಸುವವರ ಹಾಗೆ ಸೇನಾಪತಿಯ ಮುತ್ತನ್ನು ಓದುತ್ತಿದ್ದಾಳೆ. ಅಮ್ಮ, ಇನ್ನೊಂದು ಸಲ ಓದು, ನಮ್ಮ ದೊಡ್ಡವಳು ಇದನ್ನ ಪೂರ್ತಿ ನುಂಗಿದ್ದಳು ಎನ್ನುತ್ತಿದ್ದಾಳೆ. ನಾನು ಸಂಜೆ ನುಂಗಿದ್ದನ್ನೆಲ್ಲ ಮರುದಿನ ಮಧ್ಯಾಹ್ನ ಇವಳಿಂದ ಕಕ್ಕಿಸಿಕೊಳ್ಳುತ್ತಿದ್ದಳಂತೆ! ಬಾಗಿಲಲ್ಲಿ ನನ್ನನ್ನು ನೋಡಿ ದರ್ಜಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಷ್ಟು ವಯಸ್ಸಾದರೂ ನಾಚಿಕೆಯಾ ಅಕ್ಕ ಎಂದು ಚುಡಾಯಿಸಿದಳು. ನಾನೂ ನಕ್ಕು ಒಪ್ಪಿಕೊಂಡೆ, ಹೌದಪ್ಪ, ನಾಚಿಕೆಗೆ ಬಿಟ್ಟೆ ಎಂದು. ಅಮ್ಮ ಮಾತ್ರ ನಗಲಿಲ್ಲ. ಟೀಗೆ ನೀರಿಡು ಎಂದು ದರ್ಜಿಯಮ್ಮನನ್ನು ಅಡುಗೆಮನೆಗೆ ಕಳಿಸಿದಳು. ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಸೇನಾಪತಿ ವಿಷಯ ಬಿಡು. ಜೇನು ಸಾಕೋನ ಪುಸ್ತಕದಲ್ಲಿ ನಾಚಿಕೆ ಪಡೋಂಥದ್ದು ಏನಿತ್ತೇ?"

ನನಗೆ ಅರ್ಥವಾಗಲಿಲ್ಲ. ಅವಳು ನಿಧಾನವಾಗಿ, ಹಿಂದಿನ ಬೆಂಚಿನ ಮಗುವಿಗೆ ವಿವರಿಸುವ ಹಾಗೆ ವಿವರಿಸಿದಳು. ಜೇನಿನವನು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದ್ದಾನೆ. ನನ್ನ ಓದಿನ ಮುಂದಿನ ಗಳಿಗೆಯಲ್ಲೇ ಹೆಂಡತಿಯ ಚಪ್ಪಲಿ ಹುಡುಕುತ್ತಿದ್ದಾನೆ. ಮೊದಲು ಬರೆದವನಿಗೇ ಬರೆಯಲು ಬರುವುದಿಲ್ಲ ಅಂದುಕೊಂಡಳಂತೆ. ಆಮೇಲೆ ನನ್ನ ಇಂಗ್ಲಿಷ್ ಮೀಡಿಯಂ ಅನ್ನು ಬೈದುಕೊಂಡಳಂತೆ. ಕೊನೆಗೆ ಆ ಪುಟಗಳನ್ನೂ ದರ್ಜಿಯಮ್ಮನಿಂದ ಓದಿಸಿದ್ದಾಳೆ. ನಾನು ಬಿಟ್ಟದ್ದು ಕಷ್ಟದ ಪದಗಳನ್ನಲ್ಲ. ಪ್ರತಿ ಸಲವೂ ಸರಿಯಾಗಿ ಒಂದು ಇಡೀ ಸಾಲು. ಬಲತುದಿಯಿಂದ ಎಡಕ್ಕೆ ಮರಳುವಾಗ ಹಿಡಿಯಬೇಕಾದ ಸಾಲನ್ನು ಬಿಟ್ಟು ಅದರ ಕೆಳಗಿನದಕ್ಕೆ ಇಳಿದಿರುತ್ತೇನೆ. ಪರ್ವತದವನ ಪುಸ್ತಕದಲ್ಲೂ ಹೀಗೇ ಆಗಿತ್ತಂತೆ, ಗಾಯಕಿಯದರಲ್ಲೂ. ಎಷ್ಟು ಥರದ ಪುಸ್ತಕ ತಂದರೂ ಒಂದೇ ಥರದ ತಪ್ಪು. ನಿನ್ನ ಎಡಗಡೆ ಇಟ್ಟ ಲೋಟ ಮತ್ತೆ ಮತ್ತೆ ಉರುಳುವುದು ನನಗೆ ಕೇಳಿಸುತ್ತೆ ಎಂದಳು. ಬಾಗಿಲ ಚೌಕಟ್ಟಿಗೆ ನಿನ್ನ ಭುಜ ತಾಗುವುದೂ ಕೇಳಿಸುತ್ತೆ ಎಂದಳು. ನಮ್ಮ ಅಜ್ಜಿಯೂ ಹೀಗೇ ಲೋಟ ಉರುಳಿಸುತ್ತಿದ್ದಳಂತೆ. ಮಕ್ಕಳೆಲ್ಲ ಸೇರಿ ನಗುತ್ತಿದ್ದರಂತೆ.

ಕಟ್ಟಡಗಳ ನಕ್ಷೆ ತಿದ್ದುವುದು ನನ್ನ ಹೊಟ್ಟೆಪಾಡು. ಹೋದ ತಿಂಗಳು ಒಂದು ನಕ್ಷೆಯ ಎಡ ಅಂಚಿನಲ್ಲಿದ್ದ ಮೆಟ್ಟಿಲೇ ನನಗೆ ಕಾಣದೆ ಹೋಗಿತ್ತು. ಈ ಮನೆಯವರು ಮೇಲಕ್ಕೆ ಹಾರಿಕೊಂಡು ಹೋಗುತ್ತಾರೇನು ಮೇಡಂ ಎಂದು ಪಕ್ಕದ ಮೇಜಿನವನು ತಮಾಷೆ ಮಾಡಿದ್ದ. ನಿದ್ದೆ ಸಾಲದು ಎಂದು ನಕ್ಕುಬಿಟ್ಟಿದ್ದೆ. ಈಗ ಅದು ನೆನಪಾಗಿ, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಅಮ್ಮನನ್ನು ನೋಡಿದೆ. ಅಮ್ಮನ ಮುಖ ಇತ್ತು. ನನ್ನ ಎಡಕ್ಕಿದ್ದ ಕಿಟಕಿ ಇರಲಿಲ್ಲ. ಅಲ್ಲಿ ಕಪ್ಪಾಗಿಯೂ ಇರಲಿಲ್ಲ, ಮಸುಕಾಗಿಯೂ ಇರಲಿಲ್ಲ, ಸುಮ್ಮನೆ ಕಿಟಕಿಯೇ ಇರಲಿಲ್ಲ. ಕೈ ತೆಗೆದೆ, ಇತ್ತು. ಮುಚ್ಚಿದೆ, ಇಲ್ಲ. ಚಿಕ್ಕ ಮಗುವಿನ ಆಟದ ಹಾಗೆ ಮತ್ತೆ ಮತ್ತೆ ಮಾಡಿದೆ. ಒಂದು ಕಿಟಕಿ ಹೀಗೆ ಹೇಳದೆ ಹೋಗಿಬಿಡುತ್ತದೆಯೇ? ಎಷ್ಟು ದಿನದಿಂದ ಹೋಗಿತ್ತು? ಉಳಿದ ಅರ್ಧ ಜಗತ್ತನ್ನೇ ಪೂರ್ತಿ ಎಂದುಕೊಂಡು ನಾನು ಎಲ್ಲರ ತಪ್ಪು ತಿದ್ದುತ್ತಾ ಕೂತಿದ್ದೆನೇ? ಟೀ ತಂದ ದರ್ಜಿಯಮ್ಮ ನನ್ನ ಮುಖ ನೋಡಿ ಲೋಟವನ್ನು ಬಲಗಡೆಗೆ ಇಟ್ಟು ಕೆಳಗಿಳಿದು ಹೋದಳು.

ಅಮ್ಮ ಅಳಲಿಲ್ಲ, ನನಗೂ ಅಳಲು ಬಿಡಲಿಲ್ಲ. ಮಂಗಳವಾರ ಬೆಳಿಗ್ಗೆ ಅದೇ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ನೀನು ಯಾಕಮ್ಮ ಬರುತ್ತೀ, ಮೆಟ್ಟಿಲು ಕಷ್ಟ ಎಂದೆ. "ನಿನ್ನ ಕೈ ಹಿಡ್ಕೊಳ್ಳೋಕಲ್ಲ ಕಣೇ. ಡಾಕ್ಟರು ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಳ್ಳೋಕೆ ಒಬ್ಬರು ಬೇಕಲ್ಲ" ಅಂದಳು. ನಿನ್ನೆ ಸಂಜೆ ಓದು ನಿಲ್ಲಿಸೋಣ ಎಂದದ್ದಕ್ಕೂ ಒಪ್ಪಲಿಲ್ಲ. ಸೇನಾಪತಿಗೆ ಇನ್ನೂ ನೆರಳು ಸಿಕ್ಕಿಲ್ಲ, ಹಾಗೆ ನಡುದಾರಿಯಲ್ಲಿ ಬಿಡುವುದು ಯಾವ ನ್ಯಾಯ ಎಂದಳು. ನಕ್ಷೆಯ ಉದ್ದನೆಯ ಅಡಿಪಟ್ಟಿಯನ್ನು ಸಾಲಿನ ಕೆಳಗೆ ಇಟ್ಟುಕೊಂಡು ಓದಿದೆ. ಮುತ್ತು ಬಂತು. ಬಿಡಲಿಲ್ಲ.

ದರ್ಜಿಯಮ್ಮ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ನಿನ್ನ ಅಳತೆ ಬದಲಾಗಿದೆಯೇ ಎಂಬುದು ಅವಳ ಚಿಂತೆ. ಅಮ್ಮನ ಆಶೀರ್ವಾದ ಯಾವಾಗಲೂ ನಿನ್ನ ಮೇಲಿದೆ, ನನ್ನ ಪ್ರೀತಿಯೂ. ಮೈ ಕೈ ಜೋಪಾನ.

ನಿನ್ನ
ಅಕ್ಕ

ಮರೆತೆ, ಗುಬ್ಬಿ. ಮರೆತೆ ಎಂದು ಬರೆಯುವುದೂ ಸುಳ್ಳು. ಆ ದಿನ ಡಾಕ್ಟರು ಹೇಳಿದ್ದನ್ನು ನಿನಗೆ ಬರೆದೆನಲ್ಲ, ಅದರಲ್ಲೂ ಒಂದು ಸಾಲು ಬಿಟ್ಟುಹೋಗಿತ್ತು. ನಾನು ಬಾಗಿಲ ಕಡೆ ತಿರುಗಿದಾಗ ಅವರು ಹಿಂದಿನಿಂದ ಹೇಳಿದ್ದು ಈಗ ಅಕ್ಷರ ಅಕ್ಷರ ನೆನಪಾಗುತ್ತಿದೆ: ಇದು ಮಕ್ಕಳಿಗೂ ಬರಬಹುದು, ಇಬ್ಬರೂ ಒಮ್ಮೆ ತೋರಿಸಿಕೊಳ್ಳಿ, ಬೇಗ ಗೊತ್ತಾದರೆ ಹನಿ ಹಾಕಿಕೊಂಡು ಉಳಿಸಿಕೊಳ್ಳಬಹುದು. ಕೊನೆಗೆ ಕೇಳುತ್ತೇನೆ ಎಂದದ್ದು ಇದನ್ನೇ. ಪತ್ರ ಕೆಳಗಿಡು. ಒಂದು ಕಣ್ಣು ಮುಚ್ಚಿಕೊಂಡು ನೋಡು, ಆಮೇಲೆ ಇನ್ನೊಂದು. ಎಲ್ಲ ಕಂಡರೂ ನಂಬಬೇಡ, ನನಗೂ ಎಲ್ಲ ಕಾಣುತ್ತಿತ್ತು. ಹಡಗಿನಿಂದ ಇಳಿದ ಕೂಡಲೇ ಕಣ್ಣಿನ ಡಾಕ್ಟರನ್ನು ಹುಡುಕು. ತೋರಿಸಿಕೊಂಡ ಮೇಲೆ ಉತ್ತರ ಬರೆ, ಅದಕ್ಕೆ ಮೊದಲು ಬೇಡ. ಈ ಪತ್ರವನ್ನು ಅಡಿಪಟ್ಟಿ ಇಟ್ಟುಕೊಂಡು ಅಮ್ಮನಿಗೆ ಓದಿ ಹೇಳಿದ್ದೇನೆ. ಎಲ್ಲ ಸಾಲೂ ಒಂದಕ್ಕೊಂದು ಕೂಡುತ್ತವಂತೆ, ಕಳಿಸು ಅಂದಳು.