ಗೋಡೆಗೆ ಮುಖ ಮಾಡಿದ್ದ ಏಳು ಚಿತ್ರಗಳು

ಮನೆ, ನಿನ್ನ ಹಿಂದಿನ ಕೋಣೆ
ಸೋಮವಾರ, ಹದಿನಾಲ್ಕನೇ ತಾರೀಕು, ಬೆಳಗ್ಗೆ

ಪ್ರೀತಿಯ ಇವಳೇ,

ಮೂವತ್ತೆಂಟು ವರ್ಷ ಹಾಗೇ ಕೂಗಿದ್ದೇನೆ, ಕಾಗದದಲ್ಲಿ ಮಾತ್ರ ಬೇರೆ ಥರ ಕರೆಯಲು ನನಗೆ ಬರುವುದಿಲ್ಲ. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಿದ್ದೀಯ ತಾನೇ? ನಿಮ್ಮಕ್ಕನ ಕಾಲು ಹೇಗಿದೆ? ಪ್ಲಾಸ್ಟರ್ ತೆಗೆದ ಮೇಲೂ ಡಾಕ್ಟರ್ ಹೇಳಿದಷ್ಟು ದಿನ ಕೋಲು ಹಿಡಿದೇ ನಡೆಯಬೇಕು ಅಂತ ಹೇಳು. ಅವರು ಕೇಳುವುದಿಲ್ಲ, ನಿಮ್ಮ ಮನೆಯವರು ಯಾರೂ ಯಾರ ಮಾತನ್ನೂ ಕೇಳುವುದಿಲ್ಲ, ಆದರೂ ಹೇಳು. ನಾನು ಚೆನ್ನಾಗಿದ್ದೇನೆ. ಹಾಲು ಒಂದು ಸಲ ಉಕ್ಕಿತು, ಒಲೆ ಒರೆಸಿದ್ದೇನೆ. ಎರಡನೇ ಸಲ ಉಕ್ಕಿದ್ದನ್ನೂ ಒರೆಸಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ನಿನಗೆ ಆ ಸೌಕರ್ಯವಿಲ್ಲ. ಅಕ್ಷರ ಸೊಟ್ಟಸೊಟ್ಟಗಿದ್ದರೆ ಬೈಯಬೇಡ, ಈ ಪೆನ್ನು ಸರಿಯಿಲ್ಲ.

ನಾನೊಂದು ತಪ್ಪು ಮಾಡಿದ್ದೇನೆ. ಮೊದಲಿಂದ ಹೇಳುತ್ತೇನೆ, ಪೂರ್ತಿ ಓದಿ ಆಮೇಲೆ ಮುಖ ಊದಿಸಿಕೋ. ವರ್ಷಕ್ಕೊಮ್ಮೆ ಊರಿನ ಚಿತ್ರಕಾರರೆಲ್ಲ ತಮ್ಮ ಮನೆಯ ಕೋಣೆಗಳನ್ನು ಜನರಿಗೆ ತೆರೆದಿಡುವ ಭಾನುವಾರ ನಿನ್ನೆ ಇತ್ತಲ್ಲ, ಆವತ್ತು ಗೇಟಿಗೆ "ಈ ಸಲ ಇಲ್ಲ" ಅಂತ ಬೋರ್ಡು ಹಾಕಿ ಅಂತ ನೀನು ಹೇಳಿ ಹೋಗಿದ್ದೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಮಾತನ್ನೂ ಸೇರಿಸಿದೆ: "ಈ ಸಲ ಅಷ್ಟೇ ಅಲ್ಲ ರೀ, ಇನ್ಮೇಲೆ ಯಾವತ್ತೂ ಇಲ್ಲ. ನಡುಗೋ ಕೈ ಇಟ್ಕೊಂಡು ಜನರ ಮುಂದೆ ಏನಂತ ನಿಲ್ಲಲಿ? ಬಣ್ಣ ಎಲ್ಲಾ ಯಾರಿಗಾದ್ರೂ ಕೊಟ್ಬಿಡಿ." ನನಗೆ ಉತ್ತರ ಹೊಳೆಯುವ ಹೊತ್ತಿಗೆ ಬಸ್ಸು ಮುಂದಿನ ತಿರುವು ದಾಟಿತ್ತು. ನನ್ನ ಬುದ್ಧಿ ಯಾವಾಗಲೂ ಹತ್ತು ನಿಮಿಷ ಹಿಂದೆ, ನಿನಗೆ ಗೊತ್ತೇ ಇದೆ.

ಬೋರ್ಡು ಬರೆದೆ. ದೊಡ್ಡ ಅಕ್ಷರದಲ್ಲೇ ಬರೆದೆ. ಹತ್ತು ಗಂಟೆಗೆ ದಾರ, ಮೊಳೆ, ಸುತ್ತಿಗೆ ಎಲ್ಲ ಹಿಡಿದು ಗೇಟಿಗೆ ಹೋದರೆ ಅಲ್ಲಿ ಆಗಲೇ ನಾಲ್ಕು ಜನ ನಿಂತಿದ್ದರು, ಕೈಯಲ್ಲಿ ಮನೆಗಳ ವಿಳಾಸವಿದ್ದ ಅಚ್ಚಿನ ಹಾಳೆ. ನಿನ್ನ ವಿಳಾಸ ತೆಗೆಸಲು ಹೇಳಬೇಕೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವರಲ್ಲಿ ವಯಸ್ಸಾದ ಒಬ್ಬ ಹೆಂಗಸು, ಬಟ್ಟೆ ಹೊಲಿಯುವಾಕೆ, ಬೆವರು ಒರೆಸಿಕೊಳ್ಳುತ್ತಾ "ಎರಡು ಬಸ್ಸು ಬದಲಾಯಿಸಿ ಬಂದೆ, ಇದೇ ಮನೆ ಅಲ್ವಾ?" ಅಂದರು. ಬೋರ್ಡನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಕಳ್ಳನ ಹಾಗೆ ನಿಂತೆ. "ಇದೇ, ಒಂದೈದು ನಿಮಿಷ ಕೂತ್ಕೊಳ್ಳಿ" ಅಂತ ಬಾಯಿಂದ ಬಂದುಬಿಟ್ಟಿತು. ನೀನಾಗಿದ್ದರೂ ವಾಪಸ್ ಕಳಿಸುತ್ತಿರಲಿಲ್ಲ, ನನಗೆ ಗೊತ್ತು.

ಇನ್ನು ತಪ್ಪಿನ ವಿಷಯ. ಕೋಣೆಯ ಗೋಡೆಯ ಮೇಲೆ ನಿನ್ನ ಹಳೆಯ ಸೇತುವೆ, ಸೈಕಲ್ ಅಂಗಡಿ, ಹಣ್ಣಿನ ಬುಟ್ಟಿ ಇದ್ದವು. ಅವನ್ನು ಜನ ಪ್ರತಿ ವರ್ಷ ನೋಡಿದ್ದಾರೆ. ಬೀರುವಿನ ಪಕ್ಕ ಮಾತ್ರ ಏಳು ಚಿತ್ರಗಳು ಗೋಡೆಗೆ ಮುಖ ಮಾಡಿ ಒರಗಿದ್ದವು. ನನ್ನ ಕಸುಬು ನೋಡು ಎಂಥ ಕೆಲಸ ಮಾಡಿಸಿತು. ಗಡಿಯಾರ ರಿಪೇರಿಗೆ ಬಂದರೆ ನಾವು ಮಾಡುವ ಮೊದಲ ಕೆಲಸ, ಮೆತ್ತನೆ ಬಟ್ಟೆಯ ಮೇಲೆ ಅದನ್ನು ಮುಖ ಕೆಳಗೆ ಮಾಡಿ ಮಲಗಿಸುವುದು, ಗಾಜಿಗೆ ಗೀರು ಬೀಳಬಾರದು ಅಂತ. ಬೆಲೆಬಾಳುವ ಗಡಿಯಾರವಾದರೆ ಬಟ್ಟೆ ಇನ್ನೂ ಮೆತ್ತಗೆ. ಕಣ್ಣು ಮಂಜಾಯಿತೆಂದು ಅಂಗಡಿ ಮುಚ್ಚಿ ಎರಡು ವರ್ಷವಾಗುತ್ತಾ ಬಂತು, ಆ ಬುದ್ಧಿ ಮಾತ್ರ ಹೋಗಿಲ್ಲ. ಇವಳು ಮುಖ ಒಳಗೆ ಮಾಡಿ ಇಟ್ಟಿದ್ದಾಳೆಂದರೆ ಇವೇ ಅವಳ ಪ್ರಾಣ ಅಂದುಕೊಂಡೆ. ಹಣ್ಣಿನ ಬುಟ್ಟಿಯನ್ನೂ ಸೇತುವೆಯನ್ನೂ ಇಳಿಸಿ, ಏಳನ್ನೂ ಧೂಳು ಒರೆಸಿ ಸಾಲಾಗಿ ತೂಗುಹಾಕಿದೆ. ಹಾಕಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಟ್ಟು ಹನ್ನೊಂದು ಜನ ಬಂದರು. ಕನ್ನಡಕದ ಯುವಕನೊಬ್ಬ "ಇದು ಯಾವ ಶೈಲಿ?" ಅಂತ ಕೇಳಿದ. ನಾನು ಗಂಭೀರವಾಗಿ "ಎಣ್ಣೆಬಣ್ಣ" ಅಂದೆ. ಅವನು ಬರೆದುಕೊಂಡ. ಹೊಲಿಗೆಯಾಕೆ ಮಾತ್ರ ನಿನ್ನ ನೀರಿನ ಹೂಜಿಯ ಚಿತ್ರದ ಮುಂದೆ ನಿಂತವರು ನಿಂತೇ ಇದ್ದರು. ಆ ಹೂಜಿಯ ಅಂಚು ಒಂದೇ ಗೆರೆಯಲ್ಲ, ಒಂದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು, ನಿನಗೇ ಗೊತ್ತಲ್ಲ. ನಾನು ಸ್ಟೂಲು ತಂದುಕೊಟ್ಟೆ. ಕೂತರು. ಆಮೇಲೆ ತಮ್ಮ ಬಲಗೈ ಎತ್ತಿ ತೋರಿಸಿದರು, ಅದು ಎಲೆಯ ಹಾಗೆ ಅದುರುತ್ತಿತ್ತು. "ನಂದೂ ಹೀಗೇ ಆಗಿದೆ. ಸೂಜಿ ಬಿಟ್ಟು ವರ್ಷವಾಯ್ತು. ಇವರು ಬಿಡಲಿಲ್ಲ ನೋಡಿ" ಅಂದರು. ನೀನೂ ಬಿಟ್ಟಿದ್ದೀಯ ಅಂತ ಹೇಳಲು ಬಾಯಿ ಬರಲಿಲ್ಲ.

ಕೊನೆಗೆ ಹಿಂದಿನ ಬೀದಿಯ ಡ್ರಾಯಿಂಗ್ ಮೇಷ್ಟ್ರು ಬಂದರು. ಬಾಗಿಲಲ್ಲೇ ನಿಂತು ಸುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದು "ಇವನ್ನ ಹಾಕೋಕೆ ಅವರೇ ಹೇಳಿದ್ರಾ?" ಅಂದರು. ನಾನು ಗಡಿಯಾರದ ಕಥೆ ಹೇಳಿದೆ. ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಚಿತ್ರಕಾರರು ತಮ್ಮ ಕಣ್ಣಿಂದಲೇ ನೋಡಲಾಗದ ಚಿತ್ರಗಳನ್ನು ಗೋಡೆಗೆ ತಿರುಗಿಸಿಡುವುದಂತೆ. ನೀನು ಯಾರ ಕಣ್ಣಿಗೂ ಬೀಳಬಾರದೆಂದು ಬಚ್ಚಿಟ್ಟಿದ್ದನ್ನು ಮೆರವಣಿಗೆ ಮಾಡಿಬಿಟ್ಟೆನಲ್ಲ. ಇಳಿಸಲು ಓಡಿದೆ. ಮೇಷ್ಟ್ರು ಮೊಣಕೈ ಹಿಡಿದು ನಿಲ್ಲಿಸಿದರು. ಹೊಲಿಗೆಯಾಕೆ ಇನ್ನಿಬ್ಬರನ್ನು ಹೂಜಿಯ ಮುಂದೆ ನಿಲ್ಲಿಸಿಕೊಂಡು, ಗೆರೆ ಎಲ್ಲಿ ಜಾರಿತು, ಎಲ್ಲಿ ಮತ್ತೆ ಹಿಡಿಯಿತು ಅಂತ ಗಾಳಿಯಲ್ಲೇ ಬೆರಳಾಡಿಸಿ ತೋರಿಸುತ್ತಿದ್ದರು. ನಾನು ಇಳಿಸಲಿಲ್ಲ. ಗೊತ್ತಿಲ್ಲದೆ ಹಾಕಿದ್ದು ಒಂದು ತಪ್ಪು, ಗೊತ್ತಾದ ಮೇಲೂ ಇಳಿಸದಿದ್ದದ್ದು ಇನ್ನೊಂದು. ಎರಡಕ್ಕೂ ಸೇರಿಸಿ ಬೈದುಬಿಡು.

ಹೂಜಿಯನ್ನು ಕೊಳ್ಳುತ್ತೇವೆ ಅಂತ ಇಬ್ಬರು ಕೇಳಿದರು. ಬರೆದವರು ಊರಲ್ಲಿಲ್ಲ, ಬಂದ ಮೇಲೆ ಅವರನ್ನೇ ಕೇಳಿ ಅಂದಿದ್ದೇನೆ. ಕೊಡುವುದೋ ಬಿಡುವುದೋ ನಿನಗೆ ಸೇರಿದ್ದು. ಹೊಲಿಗೆಯಾಕೆ ಹೋಗುವಾಗ "ಮುಂದಿನ ವರ್ಷ ಅವರು ಇರ್ತಾರಾ?" ಅಂದರು. ನೋಡೋಣ ಅಂದೆ. ಬಣ್ಣಗಳನ್ನು ಯಾರಿಗೂ ಕೊಟ್ಟಿಲ್ಲ, ಮುಚ್ಚಳ ಬಿಗಿಯಾಗಿದೆಯಾ ಅಂತ ನೋಡಿ ಇಟ್ಟಿದ್ದೇನೆ. ಇನ್ನೊಂದು, ಅಂಗಡಿಯಲ್ಲಿ ನಾನು ಮಣಿಕಟ್ಟು ಊರಿಕೊಳ್ಳುತ್ತಿದ್ದ ಮರದ ತುಂಡು ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ಉಜ್ಜಿ, ಮೇಲೆ ಬಟ್ಟೆ ಅಂಟಿಸಿ ನಿನ್ನ ಮೇಜಿನ ಮೇಲಿಟ್ಟಿದ್ದೇನೆ. ಮಣಿಕಟ್ಟು ಅದರ ಮೇಲೆ ಕೂತರೆ ಬೆರಳು ಹೇಳಿದ ಮಾತು ಕೇಳುತ್ತದೆ. ಪೂರ್ತಿ ಅಲ್ಲ, ಅರ್ಧದಷ್ಟು.

ನಿಮ್ಮಕ್ಕನಿಗೆ ನನ್ನ ನಮಸ್ಕಾರ ತಿಳಿಸು. ನೀನು ಅಲ್ಲಿ ಎಲ್ಲಾ ಕೆಲಸ ತಲೆ ಮೇಲೆ ಹಾಕಿಕೊಳ್ಳಬೇಡ, ಚೆನ್ನಾಗಿ ನಿದ್ದೆ ಮಾಡು. ನಿನಗೆ ಒಳ್ಳೆಯದಾಗಲಿ.

ನೀನು "ರೀ" ಅಂತ ಕೂಗಿದರೆ ತಿರುಗಿ ನೋಡುವ,
ನಿನ್ನ ಗಂಡ

ಮರೆತದ್ದು: ಕಾಗದ ಮಡಿಸುವ ಮುಂಚೆ ಚಿತ್ರಗಳನ್ನು ಮೊದಲಿನ ಹಾಗೇ ತಿರುಗಿಸಿಡೋಣ ಅಂತ ಏಳನೆಯದನ್ನು ಇಳಿಸಿದೆ. ಅದೇ, ನನ್ನ ಕೆಲಸದ ಮೇಜು, ಅದರ ಮೇಲೆ ನನ್ನ ಎರಡು ಕೈ. ಅದರಲ್ಲಿ ಬಲಗೈಯ ಗೆರೆಗಳೆಲ್ಲ ಎರಡೆರಡು. ನಿನ್ನ ಕೈ ನಡುಗಿ ಹಾಗಾಗಿದೆ ಅಂದುಕೊಂಡಿದ್ದೆ. ಹಿಂದೆ ತಿರುಗಿಸಿದರೆ ನೀನು ಬರೆದಿಟ್ಟ ತಾರೀಕು ಇದೆ, ನಾನು ಅಂಗಡಿ ಮುಚ್ಚುವುದಕ್ಕೆ ಒಂದು ತಿಂಗಳ ಮುಂಚಿನದು. ಆಗ ನಿನ್ನ ಕೈ ಕಲ್ಲಿನ ಹಾಗಿತ್ತು, ನಡುಗುತ್ತಿದ್ದದ್ದು ನನ್ನದು. ಇವಳೇ, ನನ್ನ ಕಣ್ಣಿಗೆ ಏನೂ ಆಗಿಲ್ಲ. ಪೆನ್ನೂ ಸರಿಯಾಗೇ ಇದೆ. ನಿನ್ನ ಕೈ ನಡುಗಿದ ಮೊದಲ ದಿನವೇ ನೀನು ಬಂದು ನನಗೆ ಹೇಳಿದೆ. ನಾನು ನನ್ನ ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಿನಗೆ ಸಮಾಧಾನ ಹೇಳಿದೆ. ನಿನಗೆ ಆಗಲೇ ಎಲ್ಲಾ ಗೊತ್ತಿತ್ತು, ಗೊತ್ತಿದ್ದೂ ಆ ಚಿತ್ರವನ್ನು ಗೋಡೆಗೆ ತಿರುಗಿಸಿಟ್ಟು ಸುಮ್ಮನಿದ್ದೆ. ಬೇಗ ಬಾ. ಆ ಮರದ ತುಂಡಿನ ಮೇಲೆ ಈಗ ನನ್ನ ಕೈ ಇದೆ, ಪಕ್ಕದಲ್ಲಿ ಇನ್ನೊಂದು ಕೈಗೆ ಜಾಗ ಇದೆ.