ಹನ್ನೊಂದನೇ ಪೆಟ್ಟಿಗೆಯ ಮರದ ತುಂಡು

ಮಾರ್ಚ್ 3, ಸೋಮವಾರ

ಮತ್ತೆ ಕೋರ್ ಪೆಟ್ಟಿಗೆಗಳು. ಸುರಂಗದ ದಾರಿಯಲ್ಲಿ ಗುಡ್ಡ ಕೊರೆದು ತೆಗೆದ ಉದ್ದುದ್ದ ಗ್ರಾನೈಟ್ ತುಂಡುಗಳು. ಒದ್ದೆ ಮಾಡಿ, ಅಳೆದು, ಬರೆದಿಟ್ಟೆ. ಹನ್ನೊಂದನೇ ಪೆಟ್ಟಿಗೆಯಲ್ಲಿ ಸಿಕ್ಕಿತು — ಫಾಲ್ಟ್, ಬಂಡೆ ಸೀಳಿ ಜರುಗಿದ ಬಿರುಕು! ಮೊದಲು ನುಚ್ಚುಕಲ್ಲು, ನಡುವೆ ಬೂದು ಜೇಡಿ, ಆಮೇಲೆ ಮತ್ತೆ ನುಚ್ಚು. ಒಂದೂವರೆ ಮೀಟರ್ ಕೈಗೇ ಬಂದಿಲ್ಲ, ಕೊರೆಯುವಾಗಲೇ ತೊಳೆದುಹೋಗಿದೆ. ಆ ಜಾಗದಲ್ಲಿ ಎಂದಿನಂತೆ ಮರದ ತುಂಡು ಇಟ್ಟು 'ಇಲ್ಲಿ ಕಲ್ಲಿಲ್ಲ' ಅಂತ ಬರೆದೆ. ಒಂದು ಹಿಡಿ ಜೇಡಿ ಡಬ್ಬಿಯಲ್ಲಿ ಮನೆಗೆ ತಂದೆ.

ಅಣ್ಣನ ತಂಡ ಸುರಂಗ ಕೊರೆಯುತ್ತ ಅಲ್ಲಿಗೆ ಮುಟ್ಟಲು ಇನ್ನೂ ಎರಡು ವಾರ. ಸದ್ಯ.

ಮಾರ್ಚ್ 6

ಮರದ ತುಂಡು ಮಾಯ. ಜೇಡಿ, ನುಚ್ಚು ಎಲ್ಲ ಮಾಯ! ಗಟ್ಟಿ ಕಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿ ಫೋಟೋ ಬೇರೆ ತೆಗೆಸಿದ್ದಾರೆ ನಮ್ಮ ಸಾಹೇಬರು.

"ನೋಡೋಕೆ ಚೆನ್ನಾಗಿರಲಿಲ್ಲಮ್ಮ. ಓರಣ ಮಾಡಿಸ್ದೆ."

ಓರಣ! ಇದೇನು ಮನೆ ಶೋಕೇಸಾ?

"ಸರ್, ಜೇಡಿ ಅಂದ್ರೆ ಗೋಡೆ ಇದ್ದ ಹಾಗೆ. ಅದರಾಚೆಯ ನುಚ್ಚಿನಲ್ಲಿ ನೀರು ತುಂಬ್ಕೊಂಡಿರತ್ತೆ."

"ನೀವು ಓದಿದ್ದು ಜಾಸ್ತಿ ಆಯ್ತು."

'ಪೂರ್ತಿ ಗಟ್ಟಿ ಕಲ್ಲು' ಅಂತ ಬರೆದ ವರದಿ ನನ್ನ ಮುಂದೆ ತಳ್ಳಿದರು. ಸಹಿ ಹಾಕಲಿಲ್ಲ. ಅವರೇ ಹಾಕಿಕೊಂಡರು. ಇಪ್ಪತ್ತು ವರ್ಷ ಕಲ್ಲು ನೋಡಿದ ಮನುಷ್ಯ, ಹಾಡಹಗಲೇ ಎಲ್ಲರ ಕಣ್ಣಿಗೆ ಮಣ್ಣೆರಚುತ್ತಾರೆ! ಮೇಲಿನವರಿಗೆ ಬರೆದೆ. ಫೋಟೋದಲ್ಲಿ ಏನೂ ಕಾಣುವುದಿಲ್ಲವಂತೆ. ಮೈಯೆಲ್ಲ ಉರಿಯುತ್ತಿದೆ.

ಮಾರ್ಚ್ 13

ಅಮ್ಮ ನನ್ನ ಡಬ್ಬಿಯ ಜೇಡಿಯನ್ನು ತೆಗೆದು ಹೂಕುಂಡಕ್ಕೆ ಮೆತ್ತಿದ್ದಾಳೆ. "ಎಷ್ಟು ನುಣ್ಣಗಿತ್ತು ಕಣೇ!" ಇದ್ದದ್ದೊಂದೇ ಸಾಕ್ಷಿ. ಕೂಗಾಡಿದೆ. ಆಮೇಲೆ ಕುಂಡದ ಕಡೆ ನೋಡಿದೆ... ಬೆಳಿಗ್ಗೆ ಹಾಕಿದ ನೀರು ಸಂಜೆಯಾದರೂ ಮೇಲೆಯೇ ನಿಂತಿದೆ. ಒಂದು ಹನಿ ಇಳಿದಿಲ್ಲ.

ಅಣ್ಣನನ್ನು ಎಳೆದು ತಂದು ಅದರ ಮುಂದೆ ಕೂರಿಸಿದೆ. ಪೆನ್ಸಿಲಿನಿಂದ ಜೇಡಿಗೆ ಚುಚ್ಚಿದೆ. ನೀರು ಬುಳಬುಳ ಇಳಿದು, ಕುಂಡದ ತಳದಿಂದ ಹರಿದು ಅವನ ಕಾಲು ಒದ್ದೆ.

"ಸುರಂಗದ ತುದೀಲಿ ಜೇಡಿ ಕಂಡ್ರೆ, ನೀರಿಲ್ಲ ಅಂತ ಖುಷಿಪಡ್ಬೇಡ. ಎಲ್ರನ್ನೂ ಕರ್ಕೊಂಡು ಹೊರಗೆ ಬಂದ್ಬಿಡು."

"ಸಾಹೇಬ್ರು ಕೆಲ್ಸದಿಂದ ಕಿತ್ತು ಹಾಕ್ತಾರೆ ಕಣೇ."

"ಹಾಕ್ಲಿ."

ಅಣ್ಣ ಕಾಲು ಒರೆಸಿಕೊಂಡು ಎದ್ದುಹೋದ.

ಮಾರ್ಚ್ 18, ಬೆಳಿಗ್ಗೆ 10.40

ಸಾಹೇಬರ ಫೋನ್. ಕಿರುಚಾಟ. ಜೇಡಿ ಕಂಡ ತಕ್ಷಣ ಅಣ್ಣ ಹದಿನಾರು ಜನರನ್ನೂ ಹೊರಗೆ ಕರೆತಂದನಂತೆ. ನನ್ನಣ್ಣ!

"ಒಳಗೆ ಒಂದು ಹನಿ ನೀರಿಲ್ಲ! ಅವನ ತಲೇಲಿ ಏನು ತುಂಬಿದ್ದೀರಿ ನೀವು? ಹಾರೆ ತಗೊಂಡು ನಾನೇ ಹೋಗಿ ಚುಚ್ಚಿ ತೋರಿಸ್ತೀನಿ."

ಸಿಟ್ಟು ನೆತ್ತಿಗೇರಿತ್ತು. "ಹೋಗಿ ಸರ್, ನೋಡ್ಕೊಂಡು ಬನ್ನಿ," ಅಂದೆ. ಫೋನ್ ಕುಕ್ಕಿದರು. ನನಗೂ ಹಾಯೆನಿಸಿತು.

11.25

ಅಣ್ಣನ ಫೋನ್. "ನಾವೆಲ್ಲ ಹೊರಗಿದ್ದೀವಿ. ಶಬ್ದ ಕೇಳಿಸ್ತಿದೆಯಾ?"

ಕೇಳಿಸಿತು. ನೀರು.

"ಸಾಹೇಬ್ರು ಎಲ್ಲಿ?"

"ಹಾರೆ ಹಿಡ್ಕೊಂಡು ಒಳಗೆ ಹೋದ್ರು ಕಣೇ. ಹೊರಗೆ ಬಂದಿಲ್ಲ."

ಹೋಗಿ ಅಂದದ್ದು ನಾನು. ಸಿಟ್ಟಿಗೆ ಅಂದದ್ದು, ಅಷ್ಟೇ. ನೀರಿರುತ್ತದೆ ಅಂತ ಗೊತ್ತಿದ್ದೂ ನಾನು —