ಸೋಸುವ ಅರಿವಿಯೂ ನನ್ನ ಮೂಗೂ

ಉಗಾರ ಖುರ್ದ
ತಾ. ೨೫-೮-೨೦೧೩

ಪ್ರೀತಿಯ ಮೊಮ್ಮಗಳು ಪೂನಮಗ ಆಯಿಯ ಜಯ ಜಿನೇಂದ್ರ.

ಆರಾಮ ಇದ್ದೀಯಿಲ್ಲ? ಸಾಂಗಲಿ ಹಾಸ್ಟೆಲಿನ್ಯಾಗ ಹೊತ್ತಿಗೆ ಸರಿಯಾಗಿ ಉಣ್ಣತೀಯೋ, ನರ್ಸಿಂಗ ಪುಸ್ತಕದಾಗ ಮಾರಿ ಹುದುಗಿಸಿ ಕುಂದರತೀಯೋ? ಇಲ್ಲಿ ನಿನ್ನ ಅಪ್ಪ, ಅವ್ವ ಆರಾಮ. ನಾನೂ ಈಗ ಆರಾಮ. ಫೋನಿನ್ಯಾಗ ನಾ ಒಂದು ಮಾತು ಮುಗಸೂದ್ರಾಗ ನೀ ನಾಕು ಮಾತಾಡತಿ, ಅದಕ್ಕ ಬರ್ಯಾಕತ್ತೀನಿ. ಮೂರನೇತ್ತೆ ಸಾಲಿ ಕಲ್ತಾಕಿ ಅಕ್ಷರ, ನಗಬ್ಯಾಡ.

ಮುನಿ ಮಹಾರಾಜರು ಚಾತುರ್ಮಾಸಕ್ಕ ನಮ್ಮೂರ ಜೈನ ಬಸ್ತಿಯೊಳಗ ಇಳದಾರ. ಹ್ವಾದ ವಾರ ಅವರಿಗೆ ಆಹಾರ ಕೊಡೂ ಪಾಳಿ ನಮ್ಮ ಮನೀದು. ಬಾಗಿಲದಾಗ ಕಳಶ ಹಿಡದು ನಿಂತು, ಅವರ ಬೊಗಸಿಗೆ ಮೊದಲ ನೀರು ನಾನ ಹಾಕಬೇಕಂತ ಆಸಿ ಇತ್ತು. ಮೊಣಕಾಲು ಹೋಗ್ಯಾವು, ಬರೂ ವರ್ಷ ನಿಲ್ಲಾಕ ಆಗತೈತೋ ಇಲ್ಲೋ. ಸರಿಯಾಗಿ ಆವಾಗ ಈ ಹಾಳ ನೆಗಡಿ! ಮೋಟಾರ ಚಾಲೂ ಮಾಡಿದಂಗ ಮೂಗು ಸುರ್ಯಾಕ ಹತ್ತಿತು. "ಅತ್ತಿ, ಸುಂಬಳ ಸುರಸ್ಕೋತ ಅಡಗಿಮನ್ಯಾಗ ಕಾಲಿಡಬ್ಯಾಡ್ರಿ" ಅಂತ ನಿನ್ನ ಅವ್ವ ಸುಗಂಧಾ ಕಡ್ಡಿ ಮುರದಂಗ ಹೇಳಿದ್ಲು. ಸಿಟ್ಟಿಗೆದ್ದು ನಿನಗ ಫೋನ ಮಾಡಿ, ಮೂಗ ಒಣಗಸೂ ಗುಳಿಗಿ ಕೇಳಿದ್ರ ನೀನೂ ಅಕೀ ಮಗಳ. "ಆಯಿ, ನಿನಗ ಬಿಪಿ ಐತಿ, ಅದು ಆಗಂಗಿಲ್ಲ. ಮೂಗು ಸುಮ್ಮನ ಸುರ್ಯಾಕತ್ತಿಲ್ಲ, ಕೆಲಸ ಮಾಡಾಕತ್ತೈತಿ" ಅಂದಿ.

ಇಷ್ಟು ನೀರು ತಲಿಯಾಗ ಎಲ್ಲಿತ್ತು, ಮೆದುಳ ಕರಗಿ ಬರಾಕತ್ತೈತೇನು ಅಂತ ಕೇಳಿದ್ದಕ್ಕ ನಕ್ಕಿ. ಮೂಗಿನೊಳಗಿನ ತೊಗಲು ದಿನಾ ಒಂಚೂರು ಸುಂಬಳ ಮಾಡತೈತಂತ. ನೆಗಡಿ ಹುಳ ಹೊಕ್ಕಾಗ ಆ ತೊಗಲು ಬಾತು, ಸುಂಬಳ ರಾಶಿ ರಾಶಿ ಮಾಡಿ, ಹುಳಾನ ಅಂಟಿಸಿಗೊಂಡು ಹೊರಗ ತೊಳೀತೈತಂತ. "ಹಂಗಾದ್ರ ಚಾತುರ್ಮಾಸದಾಗ ನನ್ನ ಮೂಗು ಜೀವಹಿಂಸಾ ಮಾಡಾಕತ್ತೈತೇನ?" ಅಂದೆ. "ಮೂಗು ಹುಳಾನ ಹಿಡದು ಹೊರಗ ಹಾಕತೈತಿ ಅಷ್ಟ, ಮುಂದಿಂದು ಕೇಳಬ್ಯಾಡ" ಅಂದಿ. ಭಾಳ ಶಾಣ್ಯಾಕಿ ಆಗೀದಿ.

ಫೋನ ಇಟ್ಟು ನಿನ್ನ ಮನಸಾರೆ ಬೈದೆ. ಆಮ್ಯಾಲ ಸುಗಂಧಾ ಬಾವಿ ಕಟ್ಟಿಮ್ಯಾಲ ನೀರು ಸೋಸೂದು ನೋಡಕೋತ ಕುಂತೆ. ಎರಡು ಪದರ ಅರಿವಿಯೊಳಗ ಸೋಸಿ, ಅರಿವಿ ಹೊಳ್ಳಿಸಿ ತೊಳದು, ಅದಕ್ಕ ಸಿಕ್ಕ ಜೀವ ತಿರಗಿ ಬಾವಿಗೆ ಬಿಟ್ಟಳು. ಲಗ್ನಾಗಿ ಬಂದಾಗಿಂದ ನಾನೂ ಅದನ್ನ ಮಾಡಿದಾಕಿ. ಆ ಅರಿವಿಗೆ ಯಾರೂ ಹೊಲಸು ಅನ್ನಂಗಿಲ್ಲ. ಮೂಗಿಗೆ ಯಾಕ ಬೈಬೇಕು?

ಆಹಾರದ ದಿನ ಕಳಶ ಸುಗಂಧಾ ಹಿಡದ್ಲು. ಮೊದಲ ನೀರೂ ಅಕೀನ ಹಾಕಿದ್ಲು, ಒಂದು ಹನಿ ಚೆಲ್ಲಲಿಲ್ಲ. ನಾ ಅಂಗಳದ ಮೂಲ್ಯಾಗ ಹಳೀ ಸೀರಿ ತುಂಡಿನ್ಯಾಗ ಮೂಗ ಸೀಟಿಗೋತ ಕುಂತಿದ್ದೆ. ಹೊಟ್ಟಿ ಉರೀಲಿಲ್ಲ ಅಂದ್ರ ಸುಳ್ಳು. ಆದ್ರ ಮಹಾರಾಜರು ನನಗಿಂತ ಹಿರೇರು, ದಿನಕ್ಕ ಒಂದ ಹೊತ್ತು, ಬೊಗಸ್ಯಾಗ ಉಣ್ಣಾವರು. ಆ ಬೊಗಸ್ಯಾಗ ನನ್ನ ನೆಗಡಿ ಬೀಳಲಾರದಂಗ ಗುಳಿಗಿ ಬ್ಯಾಡಂದು ನೀ ತಡದಿ. ಅಷ್ಟು ಪುಣ್ಯ ನಿಂದ, ನನಗ ಅದ ಸಾಕು.

ನಿನ್ನ ಕೈ ಮುಟ್ಟಿದವರೆಲ್ಲ ಎದ್ದು ಓಡಾಡಲಿ. ಹೊಟ್ಟಿ ತುಂಬ ಉಣ್ಣು.

ನಿನ್ನ ಆಯಿ
ಚಂಪಾಬಾಯಿ

ತಾ.ಕ.: ನೀ ಬ್ಯಾಡಂದ ಗುಳಿಗಿ ನೆರೆಮನಿ ಬಾಹುಬಲಿ ತಂದು ಕೊಟ್ಟಿದ್ದ. ಆಹಾರದ ದಿನ ಮುಂಜಾನಿ ಅಂಗೈಯಾಗ ಇಟಗೊಂಡು ಭಾಳ ಹೊತ್ತು ಕುಂತಿದ್ದೆ. ನುಂಗಲಿಲ್ಲ. ಇನ್ನೂ ಸೆರಗಿನ ಗಂಟಿನ್ಯಾಗ ಐತಿ. ಹೊರಗ ಒಗದ್ರ ಇರುವಿ ತಿಂದು ಸತ್ತಾವು. ಎಲ್ಲಿ ಹಾಕಲಿ, ಲಗೂನ ತಿಳಸು.